ಅಳ್ನಾವರದ ಗಾಡಿಯಲ್ಲಿ ಎಣಿಕೆಯ ಶಾಸ್ತ್ರ

ಧಾರವಾಡದಿಂದ ಪಶ್ಚಿಮಕ್ಕೆ ಹೊರಟ ರೈಲುಗಾಡಿ ಕ್ಯಾರಕೊಪ್ಪ, ಮುಗದ, ಕಂಬಾರಗಣವಿಗಳನ್ನು ಒಂದೊಂದಾಗಿ ಹಿಂದಕ್ಕೆ ಹಾಕುತ್ತಿದ್ದಂತೆ ಬಯಲುಸೀಮೆಯ ಹೊಲಗಳು ಮರೆಯಾಗಿ ಮಲೆನಾಡಿನ ಸೆರಗು ಕಣ್ಣಿಗೆ ಬೀಳತೊಡಗುತ್ತದೆ. ಕೆಂಪು ಮಣ್ಣು, ಬತ್ತದ ಗದ್ದೆ, ನಡುನಡುವೆ ಸಾಗವಾನಿಯ ಗುಂಪುಗಳು. ಇವೆಲ್ಲ ಕಳೆದ ಮೇಲೆ ಅಳ್ನಾವರ. ಊರು ಸಣ್ಣದಾದರೂ ರೈಲ್ವೆಯವರ ಲೆಕ್ಕದಲ್ಲಿ ಅದು ಜಂಕ್ಷನ್. ಒಂದು ದಾರಿ ಧಾರವಾಡದ ಕಡೆಗೆ, ಇನ್ನೊಂದು ಲೋಂಡಾದ ಕಡೆಗೆ, ಮೂರನೆಯದು ದಾಂಡೇಲಿಯ ಮಗ್ಗುಲಲ್ಲಿರುವ ಅಂಬೇವಾಡಿಗೆ. ಕಾಡಿನ ಸೀಮೆಗೆ ಹೋಗುವ ಈ ಮೂರನೆಯ ದಾರಿಯಲ್ಲಿ ಬಹುಕಾಲ ಪ್ರಯಾಣಿಕರ ಗಾಡಿಯೇ ಇರಲಿಲ್ಲ. 2019ರಲ್ಲಿ ಅದು ಮತ್ತೆ ಓಡತೊಡಗಿದಾಗ ಸುತ್ತಲಿನ ಜನ ಹಬ್ಬದಂತೆ ಸಂತೋಷಪಟ್ಟರು.

ಬೆಳಗಿನ ಗಾಡಿಗೆ ಇಲ್ಲಿ ಹತ್ತುವವರಲ್ಲಿ ಕಚೇರಿಯ ನೌಕರರೊಡನೆ ವಿದ್ಯಾರ್ಥಿಗಳೂ ಉಂಟು. ಧಾರವಾಡ-ಹುಬ್ಬಳ್ಳಿಗಳು ಹಿಂದಿನಿಂದಲೂ ವಿದ್ಯೆಯ ತವರು. 1947ರಲ್ಲಿ ಹುಬ್ಬಳ್ಳಿಯಲ್ಲಿ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು ಹುಟ್ಟಿತು, 1949ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾನಿಲಯ ಮರುವರ್ಷವೇ ಧಾರವಾಡಕ್ಕೆ ಬಂದು ನೆಲೆಸಿತು, 1979ರಲ್ಲಿ ಎಸ್.ಡಿ.ಎಂ. ಕಾಲೇಜು. ಈಚೆಗೆ 2015ರಲ್ಲಿ ಐ.ಐ.ಐ.ಟಿ., 2016ರಲ್ಲಿ ಐ.ಐ.ಟಿ. ಎರಡೂ ಧಾರವಾಡದ ಹೆಸರನ್ನು ಹೊತ್ತು ಆರಂಭವಾದವು. ಅಳ್ನಾವರದ ಹುಡುಗ ಹುಡುಗಿಯರಿಗೆ ಇವೆಲ್ಲ ಒಂದು ಗಾಡಿಯ ದೂರ.

ವಾಚಕರು ಈ ಗಾಡಿಯಲ್ಲಿ ಕುಳಿತ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಬೇಕು. ತಂದೆಗೆ ಸ್ಟೇಶನ್ ರಸ್ತೆಯಲ್ಲಿ ಕಿರಾಣಿ ಅಂಗಡಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಗಣಿತದಲ್ಲಿ ನೂರಕ್ಕೆ ನೂರು. ಪಿ.ಯು.ಸಿ.ಯಲ್ಲಿ ಭಾಷೆ ಒಮ್ಮೆಲೇ ಇಂಗ್ಲಿಷಾಯಿತು. ಅದನ್ನೂ ಹಲ್ಲುಕಚ್ಚಿ ದಾಟಿದಳು. ಈಗ ಧಾರವಾಡದಲ್ಲಿ ಕಂಪ್ಯೂಟರ್ ಸಾಯನ್ಸಿನ ಎರಡನೆಯ ವರ್ಷ. ತೊಡೆಯ ಮೇಲೆ ದಪ್ಪ ಪುಸ್ತಕವೊಂದು ತೆರೆದಿದೆ. ಅದರ ಪುಟದಲ್ಲಿ ಕೂಡುವ ಕಳೆಯುವ ಲೆಕ್ಕವಿಲ್ಲ. ಬಾಣದ ಗುರುತು, ತಲೆಕೆಳಗಾದ ಅಕ್ಷರ, 'ಎಂದು ಸಾಧಿಸಿರಿ' ಎಂಬ ಆಜ್ಞೆ. ರಾತ್ರಿ ಅಂಗಡಿಯ ಬಾಗಿಲು ಹಾಕಿ ಬಂದ ತಂದೆ ಆ ಪುಸ್ತಕವನ್ನು ತಿರುವಿ ನೋಡಿ ಕೇಳಿದ್ದುಂಟು:

"ಕಂಪ್ಯೂಟರ್ ಕಲೀಲಿಕ್ಕೆ ಹಚ್ಚೇವಿ. ಇದೇನವಾ, ಇದರಾಗ ಕಂಪ್ಯೂಟರೂ ಇಲ್ಲ, ಲೆಕ್ಕಾನೂ ಇಲ್ಲಲ್ಲ?"

"ಅಪ್ಪಾ, ಇದಕ್ಕ ಡಿ.ಎಂ.ಎಸ್. ಅಂತಾರ. ಇದರಾಗ ಪಾಸಾಗಲಿಲ್ಲಂದ್ರ ಮುಂದ ಕಂಪ್ಯೂಟರಿಗೂ ಹಾದಿ ಇಲ್ಲ" ಎಂದಳಂತೆ ಮಗಳು, ಅಳು ನುಂಗಿಕೊಂಡು.

ಡಿ.ಎಂ.ಎಸ್. ಎಂದರೆ ಡಿಸ್ಕ್ರೀಟ್ ಮ್ಯಾಥಮ್ಯಾಟಿಕಲ್ ಸ್ಟ್ರಕ್ಚರ್ಸ್. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಕಂಪ್ಯೂಟರ್ ವಿದ್ಯಾರ್ಥಿಗಳಿಗೆ ಎರಡನೆಯ ವರ್ಷದಲ್ಲಿ ಎದುರಾಗುತ್ತ ಬಂದಿರುವ ವಿಷಯ. ಇದು ಉಳಿದುಕೊಂಡರೆ ಅವರ ಬಾಯಲ್ಲಿ ಅದು 'ಬ್ಯಾಕ್'. ಕೆಲಸ ಕೊಡಲು ಕಾಲೇಜಿಗೆ ಬರುವ ಅನೇಕ ಕಂಪನಿಗಳು ಬ್ಯಾಕ್ ಉಳಿದವರನ್ನು ಬಾಗಿಲಲ್ಲೇ ತಡೆಯುತ್ತವೆ. ಕಿರಾಣಿ ಅಂಗಡಿಯ ಆದಾಯದಲ್ಲಿ ನಾಲ್ಕು ವರ್ಷದ ಫೀಸು ಹೊಂದಿಸುವ ಮನೆಗೆ ಇದು ಸಣ್ಣ ಮಾತಲ್ಲ.

ಅಳೆಯುವುದು, ಎಣಿಸುವುದು

ತಂದೆಯ ಪ್ರಶ್ನೆಗೆ ಉತ್ತರ ಆತನ ಅಂಗಡಿಯಲ್ಲೇ ಇದೆ. ಎಣ್ಣೆಯನ್ನು ಅಳೆಯುವರು; ತೆಂಗಿನಕಾಯಿಯನ್ನು ಎಣಿಸುವರು. ಎಣ್ಣೆ ಒಂದು ಲೀಟರಾದರೂ ಸರಿ, ಒಂದೂಕಾಲಾದರೂ ಸರಿ, ಅದರ ನಡುವಿನ ಯಾವ ಪ್ರಮಾಣವಾದರೂ ಸರಿ. ತೆಂಗಿನಕಾಯಿ ಹಾಗಲ್ಲ, ಮೂರಾದ ಮೇಲೆ ನಾಲ್ಕೇ. ಗ್ರಹಗಳ ಚಲನೆ, ನೀರಿನ ಹರಿವು, ಉಗಿಯ ಒತ್ತಡ ಇವೆಲ್ಲ ಎಣ್ಣೆಯ ಜಾತಿಗೆ ಸೇರಿದವು. ಅವುಗಳಿಗಾಗಿ ನ್ಯೂಟನ್ ಮತ್ತು ಲೈಬ್ನಿಟ್ಸ್ ಮಹಾಶಯರ ಕಾಲದಿಂದ ಕಲನಶಾಸ್ತ್ರ ಬೆಳೆದು ಬಂದಿದೆ. ಕಂಪ್ಯೂಟರಿನ ಹೊಟ್ಟೆಯೊಳಗಾದರೋ ಇರುವುದು ಇದೆ-ಇಲ್ಲ, ಒಂದು-ಸೊನ್ನೆ ಎಂಬ ಬಿಡಿಬಿಡಿ ಸಂಗತಿಗಳು. ಹೀಗೆ ಬಿಡಿಬಿಡಿಯಾಗಿ ಎಣಿಸತಕ್ಕವುಗಳ ಗಣಿತವೇ ಡಿಸ್ಕ್ರೀಟ್ ಗಣಿತ. ತರ್ಕ, ಗಣಗಳು, ಸಂಬಂಧಗಳು, ಎಣಿಕೆಯ ಉಪಾಯಗಳು, ಬಿಂದು-ಗೆರೆಗಳ ಜಾಲಗಳು ಇವೇ ಅದರ ಮುಖ್ಯ ಅಧ್ಯಾಯಗಳು.

ಇದು ಕಂಪ್ಯೂಟರಿಗೆ ಹೇಗೆ ಅಂಟಿಕೊಂಡಿತೆಂಬುದು ಸ್ವಾರಸ್ಯವಾದ ಕಥೆ. ಇಂಗ್ಲೆಂಡಿನಲ್ಲಿ ಜಾರ್ಜ್ ಬೂಲ್ ಎಂಬಾತನಿದ್ದನು. ಚಪ್ಪಲಿ ಹೊಲಿಯುವವನ ಮಗ; ಹೆಚ್ಚಿನದೆಲ್ಲವನ್ನೂ ಸ್ವಂತ ಓದಿನಿಂದ ಕಲಿತವನು. 1854ರಲ್ಲಿ ಆತನು ಪ್ರಕಟಿಸಿದ ಗ್ರಂಥದಲ್ಲಿ ಮನುಷ್ಯನ 'ಮತ್ತು', 'ಅಥವಾ', 'ಅಲ್ಲ' ಎಂಬ ಮಾತುಗಳನ್ನು ಬೀಜಗಣಿತದಂತೆ ಬರೆಯಬಹುದೆಂದು ತೋರಿಸಿದನು. ಅದರಿಂದ ಯಾವ ಯಂತ್ರವೂ ತಿರುಗಲಿಲ್ಲ. ಎಂಬತ್ತಕ್ಕೂ ಹೆಚ್ಚು ವರ್ಷಗಳ ಅನಂತರ, 1937ರಲ್ಲಿ, ಅಮೆರಿಕದ ಕ್ಲಾಡ್ ಶಾನನ್ ಎಂಬ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ತನ್ನ ಎಂ.ಎಸ್. ಪ್ರಬಂಧದಲ್ಲಿ ಒಂದು ಮಾತು ಹೇಳಿದನು: ಎರಡು ವಿದ್ಯುತ್ ಸ್ವಿಚ್ಚುಗಳನ್ನು ಒಂದರ ಮುಂದೊಂದು ಜೋಡಿಸಿದರೆ ಅದೇ ಬೂಲನ 'ಮತ್ತು', ಅಕ್ಕಪಕ್ಕದಲ್ಲಿ ಜೋಡಿಸಿದರೆ ಅದೇ 'ಅಥವಾ'. ಇಂದು ಜೇಬಿನಲ್ಲಿರುವ ಮೊಬೈಲಿನ ಒಳಗೂ ನಡೆಯುತ್ತಿರುವುದು ಇದೇ ವ್ಯವಹಾರ.

ಆದರೆ ವಿದ್ಯಾರ್ಥಿನಿಯ ಕಷ್ಟ ಬೇರೆ. ಇಲ್ಲಿಯವರೆಗೆ ಗಣಿತವೆಂದರೆ ಸೂತ್ರಕ್ಕೆ ಅಂಕಿಗಳನ್ನು ಹಾಕಿ ಉತ್ತರ ತೆಗೆಯುವುದು ಎಂದು ಆಕೆ ತಿಳಿದಿದ್ದಳು. ಇಲ್ಲಿ ಉತ್ತರವನ್ನು ಮೊದಲೇ ಕೊಟ್ಟಿರುತ್ತಾರೆ. ಅದು ಏಕೆ ನಿಜವೆಂಬುದನ್ನು ಹೇಳಬೇಕು. ಉದಾಹರಣೆಗೆ ಮೊದಲ ವಾರದಲ್ಲೇ ಬರುವ 'ಹೀಗಾದರೆ ಹಾಗೆ' ಎಂಬ ವಾಕ್ಯ. 'ಗಾಡಿ ತಡವಾದರೆ ಮೊದಲ ತರಗತಿ ತಪ್ಪುತ್ತದೆ.' ಹಾಗಾದರೆ ಮೊದಲ ತರಗತಿ ತಪ್ಪಿದವಳ ಗಾಡಿ ತಡವಾಗಿಯೇ ಇರಬೇಕೇ? ಇಲ್ಲ, ಆಕೆ ಚಹಾದ ಅಂಗಡಿಯಲ್ಲಿ ಕುಳಿತಿದ್ದಿರಬಹುದು. ತರಗತಿ ತಪ್ಪದಿದ್ದರೆ? ಆಗ ಗಾಡಿ ತಡವಾಗಿಲ್ಲವೆಂದು ನಿಶ್ಚಯವಾಗಿ ಹೇಳಬಹುದು. ಗಾಡಿ ಸರಿಯಾದ ವೇಳೆಗೆ ಬಂದ ದಿನ ಈ ವಾಕ್ಯ ನಿಜವೋ ಸುಳ್ಳೋ? ನಿಜವೆಂದೇ ಎಣಿಸಬೇಕೆಂದು ಪುಸ್ತಕ ಹೇಳುತ್ತದೆ. ಇಲ್ಲಿ ಬಹಳ ಮಂದಿ ಮುಗ್ಗರಿಸುತ್ತಾರೆ. 'ನೂರಕ್ಕೆ ನೂರು ಬಂದರೆ ಸೈಕಲ್ ಕೊಡಿಸುತ್ತೇನೆ' ಎಂದು ತಂದೆ ಮಾತು ಕೊಟ್ಟಿದ್ದಾನೆನ್ನಿ. ಮಗುವಿಗೆ ಎಂಬತ್ತು ಬಂದಿತು. ಆಗ ಸೈಕಲ್ ಕೊಡಿಸಿದರೂ ಕೊಡಿಸದಿದ್ದರೂ ತಂದೆ ಮಾತಿಗೆ ತಪ್ಪಿದವನಲ್ಲ. ಮಾತು ಮುರಿಯುವುದು ಒಂದೇ ಸಂದರ್ಭದಲ್ಲಿ: ನೂರು ಬಂದು ಸೈಕಲ್ ಬಾರದಿದ್ದಾಗ. ಮನೆಮನೆಯಲ್ಲಿ ಮಕ್ಕಳು ಚೆನ್ನಾಗಿ ಬಲ್ಲ ಈ ನ್ಯಾಯವೇ ಪುಸ್ತಕದಲ್ಲಿ ಕೋಷ್ಟಕದ ರೂಪ ತಾಳಿದೊಡನೆ ಕಗ್ಗಂಟಾಗಿ ಕಾಣುವುದು ವಿಚಿತ್ರ.

ಹಾಗೆಂದು ತಪ್ಪೆಲ್ಲ ವಿದ್ಯಾರ್ಥಿಗಳದೆನ್ನುವುದು ನ್ಯಾಯವಲ್ಲ. ಬಿಡಿಸಿದ ಲೆಕ್ಕಗಳನ್ನು ಫಲಕದ ಮೇಲೆ ಬರೆದು, 'ಇದು ಪರೀಕ್ಷೆಗೆ ಬರುತ್ತದೆ' ಎಂದು ಗುರುತು ಹಾಕಿಸುವ ಪದ್ಧತಿ ನಮ್ಮ ಕಾಲೇಜುಗಳಲ್ಲಿ ಬೇರುಬಿಟ್ಟಿದೆ. ತರ್ಕದ ನಿಯಮಗಳ ಹೆಸರುಗಳನ್ನು ಬಾಯಿಪಾಠ ಮಾಡಿದ ಹುಡುಗ ಒಂದು ಸ್ವಂತ ಸಾಧನೆಯನ್ನೂ ಬರೆಯದೆ ಪಾಸಾಗಬಲ್ಲನು. ಇನ್ನೊಂದು ಕೊರತೆ ಹಿಂದಿನ ತರಗತಿಗಳದು. ರಾಜ್ಯದ ಹಳೆಯ ಹತ್ತನೆಯ ತರಗತಿಯ ಪುಸ್ತಕದಲ್ಲಿ ಗಣಗಳಿದ್ದವು, 'ಕ್ರಮಯೋಜನೆ ಮತ್ತು ವಿಕಲ್ಪ' ಎಂಬ ಸೊಗಸಾದ ಹೆಸರಿನ ಅಧ್ಯಾಯವಿತ್ತು. ಹದಿನೈದು ವರ್ಷದ ಹುಡುಗಿ ಅದನ್ನು ಕನ್ನಡದಲ್ಲಿಯೇ ಓದುತ್ತಿದ್ದಳು. ಈಗಿನ ಪುಸ್ತಕದಲ್ಲಿ ಅವಿಲ್ಲ. ಹನ್ನೊಂದನೆಯ ತರಗತಿಯ ರಾಷ್ಟ್ರೀಯ ಪಠ್ಯಪುಸ್ತಕದಿಂದ ಗಣಿತೀಯ ತರ್ಕ, ಗಣಿತೀಯ ಇಂಡಕ್ಷನ್ ಎಂಬ ಎರಡು ಅಧ್ಯಾಯಗಳನ್ನು 2022ರ ಪಠ್ಯಕಡಿತದಲ್ಲಿ ಕೈಬಿಟ್ಟರು. ಡಿಸ್ಕ್ರೀಟ್ ಗಣಿತದ ಹೊಸ್ತಿಲಿನಂತಿದ್ದವು ಆ ಎರಡೇ. ಹೊಸ್ತಿಲು ತೆಗೆದ ಮೇಲೆ ಒಳಗೆ ಬರುವವರು ಎಡವಿದರೆ ಆಶ್ಚರ್ಯವೇನು?

ಡಬ್ಬಿಗಳ ಕೊಂಡಿ

ಇಂಡಕ್ಷನ್ ಎಂಬ ಸಾಧನಾಕ್ರಮವನ್ನು ಅಳ್ನಾವರದ ನಿಲ್ದಾಣದಲ್ಲಿ ನಿಂತೇ ಕಲಿಯಬಹುದು. ಗಾಡಿಗೆ ಎಷ್ಟು ಡಬ್ಬಿಗಳಿವೆಯೋ ತಿಳಿಯದು. ಆದರೆ ಎರಡು ಸಂಗತಿ ಗೊತ್ತು: ಎಂಜಿನ್ನು ಮೊದಲ ಡಬ್ಬಿಯನ್ನು ಎಳೆಯುತ್ತದೆ, ಯಾವ ಡಬ್ಬಿ ಚಲಿಸಿದರೂ ಅದು ತನ್ನ ಹಿಂದಿನದನ್ನು ಎಳೆಯುತ್ತದೆ. ಹಾಗಾದರೆ ಗಾಡಿ ಎಷ್ಟೇ ಉದ್ದವಿರಲಿ, ಕೊನೆಯ ಡಬ್ಬಿಯೂ ಚಲಿಸಲೇಬೇಕು. ಡಬ್ಬಿಗಳನ್ನು ಒಂದೊಂದಾಗಿ ಪರೀಕ್ಷಿಸಬೇಕಾಗಿಲ್ಲ. ಕೋಟಿಗಟ್ಟಲೆ ಸಂಖ್ಯೆಗಳ ವಿಷಯದಲ್ಲಿ ಒಂದು ಮಾತು ನಿಜವೆಂದು ಸಾಧಿಸಲು ಗಣಿತಜ್ಞರು ಹೂಡುವ ಉಪಾಯ ಇಷ್ಟೇ.

ಕೊಂಡಿ ಎಲ್ಲಿಯಾದರೂ ಕಳಚಿದ್ದರೆ? ಅದಕ್ಕೊಂದು ಹಳೆಯ ಚೇಷ್ಟೆಯ ಸಾಧನೆಯಿದೆ. 'ಯಾವ ಹಿಂಡಿನಲ್ಲಾದರೂ ಎಲ್ಲ ದನಗಳ ಬಣ್ಣವೂ ಒಂದೇ' ಎಂದು ತೋರಿಸುತ್ತೇವೆನ್ನುತ್ತಾರೆ. ಒಂದೇ ದನವಿದ್ದ ಹಿಂಡಿನಲ್ಲಿ ಮಾತು ನಿಜ. ಹತ್ತು ದನಗಳ ಹಿಂಡಿಗೆ ನಿಜವೆಂದು ಇಟ್ಟುಕೊಂಡು ಹನ್ನೊಂದನ್ನು ಸಾಲಾಗಿ ನಿಲ್ಲಿಸಿರಿ. ಮೊದಲನೆಯದನ್ನು ಹೊರಗೆ ಕಳಿಸಿದರೆ ಉಳಿದ ಹತ್ತೂ ಒಂದೇ ಬಣ್ಣ. ಅದನ್ನು ಒಳಗೆ ಕರೆದು ಕೊನೆಯದನ್ನು ಕಳಿಸಿದರೆ ಆಗಲೂ ಹತ್ತು ಒಂದೇ ಬಣ್ಣ. ನಡುವಿನ ಒಂಬತ್ತು ಎರಡೂ ಗುಂಪಿನಲ್ಲಿದ್ದವು. ಆದುದರಿಂದ ಹನ್ನೊಂದೂ ಒಂದೇ ಬಣ್ಣ! ಸಂತೆಗೆ ಹೋದ ಯಾವ ರೈತನೂ ಇದನ್ನು ನಂಬಲಾರನು. ಆದರೆ ತಪ್ಪು ಎಲ್ಲಿ? ಅನೇಕರು ಹತ್ತರಿಂದ ಹನ್ನೊಂದಕ್ಕೆ ಹೋಗುವಲ್ಲಿ ಹುಡುಕುತ್ತಾರೆ, ಅಲ್ಲಿ ತಪ್ಪಿಲ್ಲ. ಒಂದರಿಂದ ಎರಡಕ್ಕೆ ಹೋಗುವಲ್ಲಿ ನೋಡಬೇಕು. ಎರಡೇ ದನಗಳಿದ್ದಾಗ ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಯಾವ ದನವೂ ಇಲ್ಲ. ಒಂದನೆಯ ಡಬ್ಬಿಗೂ ಎರಡನೆಯದಕ್ಕೂ ನಡುವಿನ ಕೊಂಡಿಯೇ ಕಳಚಿದೆ. ಎಂಜಿನ್ನು ಒಂದೇ ಡಬ್ಬಿಯೊಡನೆ ಹೊರಟುಹೋಗಿದೆ. ಪ್ರೋಗ್ರಾಮು ಬರೆಯುವವರು ಮಾಡುವ ತಪ್ಪುಗಳಲ್ಲಿ ಹಲವು ಇದೇ ಜಾತಿಯವು. ಸಾವಿರದಲ್ಲಿ ಸರಿಯಾಗಿ ನಡೆಯುವುದು ಒಂದರಲ್ಲೋ ಎರಡರಲ್ಲೋ ಸೊನ್ನೆಯಲ್ಲೋ ಕೆಡುತ್ತದೆ.

ತ್ರಿಪದಿಯ ಲೆಕ್ಕ

ಈ ಶಾಸ್ತ್ರ ಪರದೇಶದಿಂದ ಬಂದ ಹೊಸ ಸರಕೆಂದು ತಿಳಿಯಬೇಕಾಗಿಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಹಲವು ವಸ್ತುಗಳಿಂದ ಕೆಲವನ್ನು ಆರಿಸುವ ಬಗೆಗಳೆಷ್ಟೆಂಬುದಕ್ಕೆ ಸಾಮಾನ್ಯ ಸೂತ್ರವೇ ಇದೆ. 1912ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ಆಚಾರ್ಯನು ಕೊಡುವ ಒಂದು ಲೆಕ್ಕ ಷಡ್ರಸಗಳದು. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು: ಇವುಗಳಿಂದ ಎಷ್ಟು ಬಗೆಯ ರುಚಿಗಳಾದಾವು? ಒಂದೊಂದೇ ರಸದವು 6, ಎರಡೆರಡು ಬೆರೆತವು 15, ಮೂರರವು 20, ನಾಲ್ಕರವು ಮತ್ತೆ 15, ಐದರವು 6, ಆರೂ ಕೂಡಿದ್ದು 1. ಒಟ್ಟು 63. ಗೃಹಿಣಿಯರು ಇದನ್ನು ಇನ್ನೂ ಸುಲಭವಾಗಿ ಎಣಿಸಬಲ್ಲರು: ಪ್ರತಿಯೊಂದು ರಸವನ್ನು ಹಾಕುವುದು ಅಥವಾ ಬಿಡುವುದು ಎಂಬ ಎರಡೇ ಮಾರ್ಗ, ಆರು ರಸಕ್ಕೆ ಎರಡನ್ನು ಆರು ಸಲ ಗುಣಿಸಿದರೆ 64, ಏನನ್ನೂ ಹಾಕದ ಸಪ್ಪೆ ಅಡಿಗೆಯನ್ನು ಕಳೆದರೆ 63.

ಇದಕ್ಕಿಂತ ಹತ್ತಿರದ ಉದಾಹರಣೆ ನಮ್ಮ ಛಂದಸ್ಸಿನದು. ಪ್ರೌಢಶಾಲೆಯಲ್ಲಿ ಗುರು-ಲಘು ಹಾಕದ ಕನ್ನಡ ವಿದ್ಯಾರ್ಥಿಯಿಲ್ಲ. ಹತ್ತನೆಯ ಶತಮಾನದ ನಾಗವರ್ಮನ 'ಛಂದೋಂಬುಧಿ'ಯು ದೇಸಿಯ ಗಣಗಳನ್ನು ಬ್ರಹ್ಮ, ವಿಷ್ಣು, ರುದ್ರ ಎಂದು ಮೂರು ವಿಧವಾಗಿ ಹೇಳುತ್ತದೆ. ಅವು ಅಂಶಗಣಗಳು. ಬ್ರಹ್ಮಗಣದಲ್ಲಿ ಎರಡು ಅಂಶ, ವಿಷ್ಣುವಿನಲ್ಲಿ ಮೂರು, ರುದ್ರನಲ್ಲಿ ನಾಲ್ಕು. ಮೊದಲ ಅಂಶ ಒಂದು ಗುರುವಾಗಿರಬಹುದು ಇಲ್ಲವೆ ಎರಡು ಲಘುವಾಗಿರಬಹುದು. ಮುಂದಿನ ಪ್ರತಿ ಅಂಶವೂ ಗುರು ಇಲ್ಲವೆ ಲಘು. ಎಲ್ಲೆಲ್ಲಿಯೂ ಎರಡೇ ದಾರಿ. ಆದುದರಿಂದಲೇ ಬ್ರಹ್ಮಗಣದ ರೂಪಗಳು 4, ವಿಷ್ಣುವಿನವು 8, ರುದ್ರನವು 16. ಶಾಲೆಯಲ್ಲಿ ಇವನ್ನು ಬಾಯಿಪಾಠ ಮಾಡಿದವರಿಗೆ ತಾವು ಕಂಪ್ಯೂಟರಿನ ಸಂಖ್ಯೆಗಳನ್ನು ಹೇಳುತ್ತಿರುವೆವೆಂಬ ಕಲ್ಪನೆ ಇದ್ದಿರಲಾರದು.

ಈಗ ತ್ರಿಪದಿಗೆ ಬರೋಣ. ಸರ್ವಜ್ಞನ ಮೂಲಕ ಹಳ್ಳಿಹಳ್ಳಿಗೂ ಪರಿಚಿತವಾದ, ಬೀಸುವ ಕಲ್ಲಿನ ಮುಂದೆ ಹಾಡಾಗಿ ಹರಿದ ಮಟ್ಟು. ಲಕ್ಷಣದ ಪ್ರಕಾರ ಅದರಲ್ಲಿ ಹನ್ನೊಂದು ಗಣಗಳು; ಆರನೆಯದೂ ಹತ್ತನೆಯದೂ ಬ್ರಹ್ಮ, ಉಳಿದ ಒಂಬತ್ತೂ ವಿಷ್ಣು. ಹಾಗಾದರೆ ಗುರು-ಲಘುಗಳ ಜೋಡಣೆಯಲ್ಲಿ ಒಂದಕ್ಕಿಂತ ಒಂದು ಭಿನ್ನವಾದ ತ್ರಿಪದಿಗಳು ಎಷ್ಟು ಸಾಧ್ಯ? ಒಂಬತ್ತು ವಿಷ್ಣುಗಣಗಳಲ್ಲಿ ಇಪ್ಪತ್ತೇಳು ಅಂಶ, ಎರಡು ಬ್ರಹ್ಮಗಣಗಳಲ್ಲಿ ನಾಲ್ಕು, ಒಟ್ಟು ಮೂವತ್ತೊಂದು. ಪ್ರತಿಯೊಂದಕ್ಕೂ ಎರಡು ದಾರಿ. ಎರಡನ್ನು ಮೂವತ್ತೊಂದು ಸಲ ಗುಣಿಸಿದರೆ 214,74,83,648. ಇನ್ನೂರ ಹದಿನಾಲ್ಕು ಕೋಟಿಗೂ ಮೇಲೆ!

ಕಂಪ್ಯೂಟರ್ ಬಲ್ಲವರು ಈ ಸಂಖ್ಯೆಯನ್ನು ಕಂಡೊಡನೆ ಬೆಚ್ಚಿಬೀಳುವರು. ಮೂವತ್ತೆರಡು ಅಂಕಿಗಳ ಪೆಟ್ಟಿಗೆಯಲ್ಲಿ ಒಂದು ಅಂಕಿಯನ್ನು ಧನ-ಋಣದ ಗುರುತಿಗೆ ಮೀಸಲಿಟ್ಟರೆ ಉಳಿಯುವುದು ಮೂವತ್ತೊಂದು. ಸೊನ್ನೆಯಿಂದ ಹಿಡಿದು ಅದರಲ್ಲಿ ಹಿಡಿಸುವ ಸಂಖ್ಯೆಗಳು ಸರಿಯಾಗಿ ಇಷ್ಟೇ. 2014ರಲ್ಲಿ ಕೊರಿಯಾ ದೇಶದ ಒಂದು ಕುಣಿತದ ಹಾಡನ್ನು ನೋಡಿದವರ ಸಂಖ್ಯೆ ಈ ಮಿತಿಯನ್ನು ಮೀರಿದ್ದರಿಂದ ಯೂಟ್ಯೂಬಿನವರು ತಮ್ಮ ಎಣಿಕೆಯ ಪೆಟ್ಟಿಗೆಯನ್ನೇ ಹಿಗ್ಗಿಸಬೇಕಾಯಿತು. ಎಲ್ಲ ಬಗೆಯ ತ್ರಿಪದಿಗಳಿಗೂ ಸೊನ್ನೆಯಿಂದ ಕ್ರಮಸಂಖ್ಯೆ ಕೊಡುತ್ತ ಹೋದರೆ ಹಳೆಯ ಪೆಟ್ಟಿಗೆ ತುಂಬುತ್ತದೆ. ಒಂದು ಹೆಚ್ಚೂ ಇಲ್ಲ, ಒಂದು ಕಡಿಮೆಯೂ ಇಲ್ಲ. ಸರ್ವಜ್ಞ ಬರೆದದ್ದೆಲ್ಲ ಅದರ ಒಂದು ಮೂಲೆಗೂ ಸಾಲದು.

ಬಿಂದುವೂ ಗೆರೆಯೂ

ಪುಸ್ತಕದ ಕೊನೆಯ ಭಾಗದಲ್ಲಿ ಗ್ರಾಫ್ ಎಂಬ ವಿಷಯ ಬರುತ್ತದೆ. ಊರುಗಳು ಬಿಂದುಗಳು, ಅವನ್ನು ಕೂಡಿಸುವ ದಾರಿಗಳು ಗೆರೆಗಳು. ಉದ್ದ, ತಿರುವು, ಗುಡ್ಡ ಯಾವುದರ ಗೊಡವೆಯೂ ಇಲ್ಲ. 1736ರಲ್ಲಿ ಆಯ್ಲರ್ ಮಹಾಶಯನು ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಎಲ್ಲವನ್ನೂ ಮುಗಿಸಲು ಸಾಧ್ಯವಿಲ್ಲವೆಂದು ತೋರಿಸಿದಾಗ ಈ ಶಾಖೆ ಹುಟ್ಟಿತು. ಆತನ ಯುಕ್ತಿ ಅಳ್ನಾವರಕ್ಕೂ ಸಲ್ಲುತ್ತದೆ. ನಡುವೆ ಸಿಕ್ಕುವ ಬಿಂದುವಿಗೆ ಒಂದು ಗೆರೆಯಿಂದ ಬಂದವನು ಇನ್ನೊಂದರಿಂದ ಹೊರಡಬೇಕು. ಆದುದರಿಂದ ಅಲ್ಲಿ ಗೆರೆಗಳು ಜೋಡಿಜೋಡಿಯಾಗಿರಬೇಕು. ಜೋಡಿಯಾಗದ ಬಿಂದುವಿಗೆ ಹೊರಟ ಸ್ಥಳವಾಗಿಯೋ ಮುಟ್ಟಿದ ಸ್ಥಳವಾಗಿಯೋ ಮಾತ್ರ ಎಡೆಯುಂಟು. ಅಂಥವು ಎರಡಕ್ಕಿಂತ ಹೆಚ್ಚಾಗಿದ್ದರೆ ಕೆಲಸ ಕೆಟ್ಟಿತು. ಅಳ್ನಾವರದಲ್ಲಿ ಕೂಡುವ ದಾರಿಗಳು ಮೂರು. ಧಾರವಾಡ, ಲೋಂಡಾ, ಅಂಬೇವಾಡಿಗಳನ್ನು ಕೊನೆಗಳೆಂದು ಹಿಡಿದರೆ ಅಲ್ಲಿ ಒಂದೊಂದು. ನಾಲ್ಕೂ ಬೆಸ. ಹೋದ ದಾರಿಯಲ್ಲೇ ಮರಳದೆ ಮೂರು ದಾರಿಗಳನ್ನೂ ಮುಗಿಸುವುದು ಯಾವ ಗಾರ್ಡಿಗೂ ಸಾಧ್ಯವಿಲ್ಲ. ಕೋನಿಗ್ಸ್‌ಬರ್ಗಿನಲ್ಲಿಯೂ ನೆಲದ ನಾಲ್ಕು ಭಾಗಗಳು ಹೀಗೆಯೇ ಬೆಸವಾಗಿದ್ದವು.

ಒಂದೂರಿನಿಂದ ಇನ್ನೊಂದೂರಿಗೆ ಅತಿ ಹತ್ತಿರದ ದಾರಿಯನ್ನು ಹುಡುಕುವ ವಿಧಾನವನ್ನು ಹಾಲೆಂಡಿನ ಡೈಕ್‌ಸ್ಟ್ರಾ 1956ರಲ್ಲಿ ಆಮ್‌ಸ್ಟರ್‌ಡಾಮಿನ ಒಂದು ಕಾಫಿ ಹೋಟೆಲಿನಲ್ಲಿ ಕುಳಿತು, ಕಾಗದ ಪೆನ್ಸಿಲುಗಳಿಲ್ಲದೆ, ಇಪ್ಪತ್ತು ನಿಮಿಷದಲ್ಲಿ ಕಂಡುಹಿಡಿದನು. ಜೊತೆಗೆ ಆತನನ್ನು ಮದುವೆಯಾಗಲಿದ್ದ ಕನ್ಯೆಯಿದ್ದಳು. ಹೊಸ ಕಂಪ್ಯೂಟರಿನ ಪ್ರದರ್ಶನಕ್ಕಾಗಿ ಅರವತ್ತನಾಲ್ಕು ಊರುಗಳ ನಕ್ಷೆಯ ಮೇಲೆ ಅದನ್ನು ಓಡಿಸಿ ತೋರಿಸಿದರು. ಇಂದು ಎರಡನೆಯ ವರ್ಷದ ವಿದ್ಯಾರ್ಥಿಗಳು ಅದನ್ನು ಪರೀಕ್ಷೆಗಾಗಿ ಓದುತ್ತಾರೆ.

ಆದರೆ ಹಾಲೆಂಡಿನವರೆಗೆ ಹೋಗಬೇಕಾದ ಅಗತ್ಯವಿಲ್ಲ. ಧಾರವಾಡದ ಗಾಡಿಯಲ್ಲಿ ಕುಳಿತ ನಮ್ಮ ವಿದ್ಯಾರ್ಥಿನಿಗೆ ಒಂದು ಸಂಜೆ ಹೀಗೊಂದು ಪ್ರಶ್ನೆ ಬಂದಿದೆ: ಧಾರವಾಡ, ಕ್ಯಾರಕೊಪ್ಪ, ಮುಗದ, ಕಂಬಾರಗಣವಿ, ಅಳ್ನಾವರ ಎಂಬ ಐದು ನಿಲ್ದಾಣಗಳಲ್ಲಿ ಕೆಲವೆಡೆ ಒಬ್ಬೊಬ್ಬ ಕಾವಲುಗಾರನನ್ನು ಇಡಬೇಕು. ಪ್ರತಿ ನಿಲ್ದಾಣದಲ್ಲಿಯೂ ಕಾವಲಿರಬೇಕು, ಇಲ್ಲವೆ ಅದರ ಪಕ್ಕದ ನಿಲ್ದಾಣದಲ್ಲಾದರೂ ಇರಬೇಕು. ಕನಿಷ್ಠ ಎಷ್ಟು ಮಂದಿ ಸಾಕು? ರಾತ್ರಿ ಊಟವಾದ ಮೇಲೆ ಆಕೆ ಐದು ಚುಕ್ಕೆಗಳನ್ನು ಇಟ್ಟು ನೋಡಿದಳು. ಒಬ್ಬನಿಂದ ಆಗದು, ಆತ ಹೆಚ್ಚೆಂದರೆ ಮೂರು ನಿಲ್ದಾಣಗಳನ್ನು ಕಾಯಬಲ್ಲನು. ಕ್ಯಾರಕೊಪ್ಪದಲ್ಲೊಬ್ಬ, ಕಂಬಾರಗಣವಿಯಲ್ಲೊಬ್ಬ. ಎರಡು. ಉತ್ತರ ಮುಗಿಯಿತೆಂದು ಪುಸ್ತಕ ಮುಚ್ಚುವಷ್ಟರಲ್ಲಿ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ ತಂದೆ ಕೇಳಿದ:

"ಅಲ್ಲವಾ, ಕ್ಯಾರಕೊಪ್ಪದಾಂವ ಕಂಬಾರಗಣವಿಯವಗ ಸುದ್ದಿ ಹ್ಯಾಂಗ ಮುಟ್ಟಸ್ತಾನ? ನಡುವ ಮುಗದದಾಗ ಒಬ್ಬಾಂವ ಬ್ಯಾಡೇನು?"

ಅಂಗಡಿಕಾರನ ಈ ಪ್ರಶ್ನೆ ಎಷ್ಟು ದೊಡ್ಡದೆಂಬುದು ಆತನಿಗೆ ತಿಳಿಯದು. ಕಾವಲಿನ ಮೊದಲ ಪ್ರಶ್ನೆಗೆ ಗಣಿತಜ್ಞರು 'ಡಾಮಿನೇಶನ್' ಎಂದು ಹೆಸರಿಟ್ಟಿದ್ದಾರೆ. ಕಾವಲುಗಾರರು ತಮ್ಮ ತಮ್ಮಲ್ಲೇ ಸಾಲುಕೂಡಿರಬೇಕು, ಸುದ್ದಿ ಒಬ್ಬನಿಂದ ಒಬ್ಬನಿಗೆ ಹರಿಯಬೇಕು ಎಂಬ ಎರಡನೆಯ ಕಟ್ಟಳೆಯನ್ನು ಸೇರಿಸಿ, 'ಕನೆಕ್ಟೆಡ್ ಡಾಮಿನೇಶನ್ ನಂಬರ್' ಎಂಬ ಸಂಖ್ಯೆಯನ್ನು ಜಗತ್ತಿಗೆ ಪರಿಚಯಿಸಿದ ಲೇಖನ 1979ರಲ್ಲಿ ಪ್ರಕಟವಾಯಿತು. ಬರೆದವರು ಇ. ಸಂಪತ್‌ಕುಮಾರ್ ಮತ್ತು ಎಚ್. ಬಿ. ವಾಲೀಕಾರ್. ಸಂಪತ್‌ಕುಮಾರರು ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ಗಣಿತ ವಿಭಾಗದಲ್ಲಿ ಕೆಲಸ ಮಾಡಿ ಮುಂದೆ ಮೈಸೂರಿನಲ್ಲಿ ಪ್ರಾಧ್ಯಾಪಕರಾದವರು. ವಾಲೀಕಾರರು ಧಾರವಾಡದಲ್ಲೇ ಪ್ರಾಧ್ಯಾಪಕರಾಗಿ, 2010ರಲ್ಲಿ ಅದೇ ವಿಶ್ವವಿದ್ಯಾನಿಲಯದ ಕುಲಪತಿಗಳಾದವರು. ಅದೇ 1979ರಲ್ಲಿ ಇವರಿಬ್ಬರೂ ಬಿ. ಡಿ. ಆಚಾರ್ಯರೊಡನೆ ಕೂಡಿ ಡಾಮಿನೇಶನ್ ಕುರಿತ ಒಂದು ಪುಸ್ತಕವನ್ನೂ ಹೊರತಂದರು.

ಆಗ ಅದು ಕೇವಲ ಚುಕ್ಕೆ-ಗೆರೆಗಳ ವಿನೋದವೆನಿಸಿದ್ದರೆ ತಪ್ಪಲ್ಲ. ಇಪ್ಪತ್ತು ವರ್ಷ ಕಳೆಯುವುದರೊಳಗಾಗಿ ತಂತಿಯಿಲ್ಲದ ಜಾಲಗಳ ಕಾಲ ಬಂದಿತು. ಕಂಬವಿಲ್ಲ, ಮಧ್ಯದ ಕಚೇರಿಯಿಲ್ಲ. ಸಣ್ಣ ಸಣ್ಣ ಯಂತ್ರಗಳು ಕಾಡಿನಲ್ಲಿಯೋ ಹೊಲದಲ್ಲಿಯೋ ಚದರಿಕೊಂಡು ಒಂದರ ಮಾತನ್ನು ಇನ್ನೊಂದು ದಾಟಿಸಬೇಕು. ಎಲ್ಲವೂ ಎಲ್ಲ ಮಾತುಗಳನ್ನೂ ಕೂಗಿ ಹೇಳಿದರೆ ಬ್ಯಾಟರಿ ಬೇಗನೆ ಬರಿದಾಗುತ್ತದೆ. ಆದುದರಿಂದ ಕೆಲವನ್ನು ಮಾತ್ರ ಆರಿಸಿ ಬೆನ್ನೆಲುಬಿನಂತೆ ಸಾಲುಗೂಡಿಸಬೇಕು; ಉಳಿದ ಪ್ರತಿಯೊಂದೂ ಆ ಸಾಲಿನ ಯಾವುದಾದರೊಂದರ ಪಕ್ಕದಲ್ಲಿರಬೇಕು. ಇದೇ ಧಾರವಾಡದವರ ಸಂಖ್ಯೆ! ಈ ವಿಷಯದ ಪ್ರಬಂಧಗಳು ದೇಶದೇಶಗಳಿಂದ ಬರುತ್ತಲೇ ಇವೆ. ದೊಡ್ಡ ಜಾಲದಲ್ಲಿ ಅತಿ ಕಡಿಮೆ ಸಂಖ್ಯೆಯನ್ನು ಬೇಗನೆ ಕಂಡುಹಿಡಿಯುವ ವಿಧಾನ ಇಂದಿಗೂ ಯಾರಿಗೂ ದೊರೆತಿಲ್ಲ. ಸಾವಿರ ಚುಕ್ಕೆಗಳ ಮುಂದೆ ಅತಿ ವೇಗದ ಯಂತ್ರವೂ ತಿಣುಕುತ್ತದೆ.

ಐದು ಚುಕ್ಕೆಗಳ ಮುಂದೆ ತಿಣುಕಬೇಕಾಗಿಲ್ಲ. ಮಗಳು 'ಎರಡು' ಎಂಬುದರ ಕೆಳಗೆ ಮುಗದವನ್ನು ಸೇರಿಸಿ 'ಮೂರು' ಎಂದು ಬರೆದಳು. ತಂದೆಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ.

"ಲೋಂಡಾ, ಅಂಬೇವಾಡಿ ಕಡೆ ಹಾದೀನ ಬಿಟ್ಟಿಯಲ್ಲ?"

ಆಕೆ ಅಳ್ನಾವರದ ಚುಕ್ಕೆಯಿಂದ ಇನ್ನೆರಡು ಗೆರೆ ಎಳೆದು, ನಡುವಿನ ಸಣ್ಣ ನಿಲ್ದಾಣಗಳನ್ನು ಬದಿಗಿಟ್ಟು, ತುದಿಗಳಲ್ಲಿ ಎರಡು ಚುಕ್ಕೆ ಇಟ್ಟಳು. ಈಗ ಏಳು. ಸುಮ್ಮನೆ ಕಾಯುವುದಕ್ಕಾದರೆ ಆಗಲೂ ಇಬ್ಬರೇ ಸಾಕು: ಕಂಬಾರಗಣವಿಯವನನ್ನು ಅಳ್ನಾವರಕ್ಕೆ ಬದಲಿಸಿದರೆ ಆಯಿತು, ಕ್ಯಾರಕೊಪ್ಪದವನು ಆಚೆಯ ಮೂರನ್ನು, ಅಳ್ನಾವರದವನು ಈಚೆಯ ನಾಲ್ಕನ್ನು ನೋಡಿಕೊಳ್ಳುವರು. ಸುದ್ದಿಯೂ ಹರಿಯಬೇಕಾದರೆ? ಧಾರವಾಡ, ಲೋಂಡಾ, ಅಂಬೇವಾಡಿ ಮೂರೂ ತುದಿಗಳು. ತುದಿಯವನನ್ನು ಬಿಟ್ಟರೂ ಸಾಲು ಕಡಿಯದು. ನಡುವಿನ ಯಾರನ್ನು ತೆಗೆದರೂ ಕಡಿಯುತ್ತದೆ. ಏಳರಲ್ಲಿ ಮೂರು ಹೋಗಿ ನಾಲ್ಕು.

"ನಾಕು, ಅಪ್ಪಾ. ಇದಕ್ಕಿಂತ ಕಮ್ಮಿ ಆಗೂದಿಲ್ಲ" ಎಂದಳು. ಏಕೆ ಆಗುವುದಿಲ್ಲವೆಂದು ತಂದೆ ಕೇಳಲಿಲ್ಲ. ಆದರೆ ಆಕೆ ಅದನ್ನೂ ಬರೆಯತೊಡಗಿದಳು.